ಸಹಾಯ ಬೇಕು: ಎರೆ ಹೊಲಕ್ಕೆ ಹಳೆ ಜೀಪೇ ಸಾಕಾ, ಹೊಸ ಮಾರುತಿ ಜಿಮ್ನಿ ಬೇಕಾ?

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ತಾಳಿಕೋಟೆ ಹತ್ತಿರ ಡೋಣಿ ನದಿ ದಂಡೆಯಲ್ಲಿ ನಮ್ಮ ಹೊಲ ಇದೆ. ಮಳೆ ಬಿದ್ದರೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಬಿಡುವುದೇ ಇಲ್ಲ.

ಅಪ್ಪ ಕೊಂಡ ಹಳೆ ಫೋರ್ ವೀಲ್ ಡ್ರೈವ್ ಜೀಪು ಲೋ ಗೇರಿನಲ್ಲಿ ಚೆನ್ನಾಗಿ ಎಳೆಯುತ್ತದೆ. ಆದರೆ ಡಿಫರೆನ್ಶಿಯಲ್ (ಎಡ-ಬಲ ಗಾಲಿಗಳಿಗೆ ಬಲ ಹಂಚುವ ಗೇರು) ಸಾದಾ; ಒಂದು ಗಾಲಿ ಹಿಡಿತ ತಪ್ಪಿ ತಿರುಗಿದರೆ ಜೊತೆಯ ಗಾಲಿಗೂ ಬಲ ಸಿಗಲ್ಲ. ಹೋದ ಮಳೆಗಾಲದಲ್ಲಿ ಬದು ಹತ್ತಿಸುವಾಗ ಮುಂದೊಂದು, ಹಿಂದೊಂದು ಗಾಲಿ ಮೇಲೆದ್ದು ಸುಮ್ನೆ ತಿರುಗಿದವು. ಗಾಡಿ ಅಲ್ಲಾಡಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ತಂದು ಎಳೆದೆವು.

2023ರಲ್ಲಿ ಬಂದ ಜಿಮ್ನಿಯಲ್ಲಿ ಹಾಗೆ ತಿರುಗುವ ಗಾಲಿಗೆ ತಾನಾಗಿ ಬ್ರೇಕ್ ಬಿದ್ದು, ನೆಲ ಹಿಡಿದ ಗಾಲಿಗೆ ಬಲ ಹೋಗುತ್ತದೆ. ಬದುವಿಗೆ ಅದು ಒಳ್ಳೆಯದೇ, ಅಲ್ವಾ? ಆದರೆ ನಾಲ್ಕೂ ಗಾಲಿ ಕೆಸರಲ್ಲಿ ಜಾರಿದರೆ?

ಎರಡೂ ತರದ ಗಾಡಿಯನ್ನು ಎರೆಯಲ್ಲಿ ಓಡಿಸಿದವರು ದಯವಿಟ್ಟು ಹೇಳಿ. ಜೀಪಿಗೆ ಮಡ್ ಟೈರ್, ಹಿಂದಿನ ಆಕ್ಸಲ್‌ಗೆ ಲಾಕರ್ (ಎರಡೂ ಗಾಲಿ ಒಟ್ಟಿಗೇ ತಿರುಗುವಂತೆ ಮಾಡುವ ಸಾಧನ) ಹಾಕಿಸಿದರೆ ಸಾಕಾ? ಅಪ್ಪನ ಗಾಡಿ ಮಾರಲು ನನಗೆ ಮನಸ್ಸಿಲ್ಲ.