ವಾಸೊಪ್ರೆಸಿನ್ ತುಂಡಾಗುವುದು ನರಕೋಶದ ಯಾವ ಭಾಗದಲ್ಲಿ?

ಪ್ರಶ್ನೆ: ಜೀವಶಾಸ್ತ್ರ ಉಪನ್ಯಾಸಕಿ, ಸಿಂಧನೂರು

ಎಲ್ಲರಿಗೂ ನಮಸ್ಕಾರ. ಪಿಯುಸಿ ತರಗತಿಯಲ್ಲಿ ಹಾರ್ಮೋನುಗಳ ಪಾಠ ನಡೆಯುತ್ತಿದೆ. ನಮ್ಮ ರಾಯಚೂರು ಜಿಲ್ಲೆಯ ಬೇಸಿಗೆಯಲ್ಲಿ ಬೆವರು ಸುರಿದು ದೇಹದ ನೀರು ಕಡಿಮೆಯಾದಾಗ ಮೂತ್ರ ಕಡಿಮೆಯಾಗಿ ಹಳದಿಗಟ್ಟುವುದಕ್ಕೆ ದೇಹದಲ್ಲಿ ನೀರನ್ನು ಉಳಿಸುವ ಹಾರ್ಮೋನಾದ ವಾಸೊಪ್ರೆಸಿನ್ ಕಾರಣವೆಂದರೆ ಮಕ್ಕಳಿಗೆ ಕೂಡಲೇ ತಿಳಿಯುತ್ತದೆ. ಆದರೆ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಒಂಬತ್ತೇ ಅಮೈನೊ ಆಮ್ಲಗಳ ಹಾರ್ಮೋನಿಗಾಗಿ ನರಕೋಶವು 164 ಅಮೈನೊ ಆಮ್ಲಗಳ ಪ್ರೋಟೀನನ್ನು ಕಟ್ಟುವುದೇಕೆ? ಮಿಕ್ಕದ್ದೆಲ್ಲ ಭತ್ತದ ಹೊಟ್ಟಿನಂತೆ ಬಿಸಾಡುವುದಕ್ಕೇ ಇದೆಯೆ? ಅದನ್ನು ಕತ್ತರಿಸುವ ಕೆಲಸ ನರಕೋಶದ ಕೋಶಕಾಯದಲ್ಲಿ ಆಗುತ್ತದೆಯೋ, ಅದರ ಉದ್ದನೆಯ ಎಳೆಯಾದ ಆಕ್ಸಾನಿನ ತುದಿಯಲ್ಲಿ ಆಗುತ್ತದೆಯೋ ಎಂಬುದನ್ನೂ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1: ಶರೀರಕ್ರಿಯಾಶಾಸ್ತ್ರ ಅಧ್ಯಾಪಕ, ಬಳ್ಳಾರಿ

ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು. ಮೊದಲು ಆ ಪ್ರೋಟೀನಿನ ಒಳಗೇನಿದೆ ನೋಡೋಣ. ಮೊದಲ 19 ಅಮೈನೊ ಆಮ್ಲಗಳು ದಾರಿ ತೋರುವ ಸಂಕೇತ ಪೆಪ್ಟೈಡ್. ಪ್ರೋಟೀನನ್ನು ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಒಳಗೆ ಸೇರಿಸಿದ ಮೇಲೆ ಅದು ಕಳಚಿಹೋಗುತ್ತದೆ. ಅನಂತರ 9 ಅಮೈನೊ ಆಮ್ಲಗಳ ವಾಸೊಪ್ರೆಸಿನ್, ಅದರ ಹಿಂದೆ 93ರ ನ್ಯೂರೊಫೈಸಿನ್, ಕೊನೆಯಲ್ಲಿ ಸಕ್ಕರೆಯ ಸರಪಳಿ ಹೊತ್ತ 39ರ ಕೊಪೆಪ್ಟಿನ್. ಇವುಗಳ ನಡುವೆ ಕಿಣ್ವಗಳು ಗುರುತಿಸುವ ಲೈಸಿನ್, ಆರ್ಜಿನಿನ್‌ಗಳು ಕೂತಿವೆ.

ನ್ಯೂರೊಫೈಸಿನ್ನನ್ನು ಹೊಟ್ಟು ಎನ್ನಲಾಗದು. ಏಳು ಡೈಸಲ್ಫೈಡ್ ಬಂಧಗಳಿಂದ ಬಿಗಿದುಕೊಂಡ ಈ ಭಾಗದಲ್ಲೊಂದು ಪುಟ್ಟ ಕುಳಿ ಇದ್ದು, ವಾಸೊಪ್ರೆಸಿನ್ನಿನ ಮೊದಲ ಅಮೈನೊ ಆಮ್ಲಗಳು ಅದರಲ್ಲಿ ಕೂರುವುದರಿಂದಲೇ ಇಡೀ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳುತ್ತದೆ. ಹೀಗೆ ಮಡಿಚಿಕೊಂಡದ್ದು ಮಾತ್ರ ಪ್ರೋಟೀನುಗಳನ್ನು ವಿಂಗಡಿಸುವ ಗಾಲ್ಗಿಯನ್ನು ದಾಟಿ ಸ್ರಾವಕಣಗಳೆಂಬ ಪುಟ್ಟ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ.

ಇನ್ನು ಕತ್ತರಿಸುವ ಜಾಗ. ಕೋಶಕಾಯಗಳು ಮೆದುಳಿನ ತಳಭಾಗದ ಹೈಪೋಥಲಾಮಸ್ಸಿನಲ್ಲಿವೆ, ಆಕ್ಸಾನಿನ ತುದಿಗಳು ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯ ಹಿಂಭಾಗದಲ್ಲಿವೆ. ಕತ್ತರಿಸುವ ಕಿಣ್ವಗಳೂ ಪ್ರೋಟೀನಿನ ಜೊತೆಗೆ ಅದೇ ಕಣದೊಳಗೆ ಸೇರಿರುತ್ತವೆ. ಕಣದ ಒಳಗೆ ಆಮ್ಲೀಯತೆ ಏರುತ್ತಿದ್ದಂತೆ ಅವು ಕೆಲಸಕ್ಕೆ ತೊಡಗುತ್ತವೆ. ಕಣವು ಆಕ್ಸಾನಿನೊಳಗಿನ ಸೂಕ್ಷ್ಮನಾಳಗಳ ಹಳಿಯ ಮೇಲೆ ತುದಿಯ ಕಡೆ ಸಾಗುತ್ತಿರುವಾಗಲೇ ಕತ್ತರಿಕೆ ಮುಂದುವರಿಯುತ್ತದೆ. ಹೆರಾಲ್ಡ್ ಗೇನರ್ ಮತ್ತು ಸಂಗಡಿಗರು 1977ರಲ್ಲಿ ಇಲಿಯ ಹೈಪೋಥಲಾಮಸ್ಸಿನ ಬಳಿ ವಿಕಿರಣಶೀಲ ಗಂಧಕವಿರುವ ಸಿಸ್ಟೀನನ್ನು ಚುಚ್ಚಿ ಇದನ್ನು ತೋರಿಸಿದರು: ಒಂದು ಗಂಟೆಯ ನಂತರ ಕೋಶಕಾಯದ ಭಾಗದಲ್ಲಿ ಸುಮಾರು 20,000 ಅಣುತೂಕದ ಪೂರ್ವರೂಪ ಹೆಚ್ಚಾಗಿತ್ತು, 24 ಗಂಟೆಗಳಾಗುವಷ್ಟರಲ್ಲಿ ಅದು ಹೋಗಿ ಸುಮಾರು 12,000ದ ತುಂಡು ಮುಂದಾಗಿತ್ತು.

ಕತ್ತರಿಸಿದ ಮಾತ್ರಕ್ಕೆ ವಾಸೊಪ್ರೆಸಿನ್ ಸಿದ್ಧವಾಗುವುದಿಲ್ಲ. ತುದಿಯಲ್ಲಿ ಉಳಿದ ಲೈಸಿನ್, ಆರ್ಜಿನಿನ್‌ಗಳನ್ನು ಕಾರ್ಬಾಕ್ಸಿಪೆಪ್ಟಿಡೇಸ್ ಇ ತೆಗೆಯುತ್ತದೆ. ಆಮೇಲೆ ಹೊರಗುಳಿಯುವ ಗ್ಲೈಸಿನ್ನನ್ನು ಬಳಸಿಕೊಂಡು ಇನ್ನೊಂದು ಕಿಣ್ವವು ಹಾರ್ಮೋನಿನ ತುದಿಗೆ ಅಮೈಡ್ ಗುಂಪನ್ನು ಕೂರಿಸುತ್ತದೆ. ಈ ಕೊನೆಯ ಕಿಣ್ವಕ್ಕೆ ತಾಮ್ರವೂ ವಿಟಮಿನ್ ಸಿಯೂ ಬೇಕು.

ರಕ್ತದ ಸಾಂದ್ರತೆ ಶೇಕಡಾ ಒಂದೆರಡು ಏರಿದರೂ ಈ ನರಕೋಶಗಳ ವಿದ್ಯುತ್ ಸ್ಪಂದನಗಳು ಹೆಚ್ಚುತ್ತವೆ. ಸ್ಪಂದನವು ತುದಿಯನ್ನು ಮುಟ್ಟಿದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕಣದ ಪೊರೆ ಕೋಶಪೊರೆಯೊಡನೆ ಬೆಸೆದುಕೊಳ್ಳುತ್ತದೆ, ಒಳಗಿದ್ದದ್ದೆಲ್ಲವೂ ರಕ್ತನಾಳಗಳ ಬಳಿ ಸುರಿಯುತ್ತದೆ. ನನ್ನ ದೃಷ್ಟಿಯಲ್ಲಿ ಮಕ್ಕಳಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಮೂರು ತುಂಡುಗಳೂ ಒಂದೇ ಅಣುವಿನಿಂದ ಹುಟ್ಟಿ ಒಂದೇ ಕಣದಲ್ಲಿ ಇರುವುದರಿಂದ, ಅವು ಸಮಪ್ರಮಾಣದಲ್ಲಿ ಒಟ್ಟಿಗೇ ಹೊರಬೀಳುತ್ತವೆ.

ಉತ್ತರ 2: ವೈದ್ಯ, ಕೊಪ್ಪಳ

ಸರ್ ಹೇಳಿದ ಸಮಪ್ರಮಾಣದ ಮಾತು ರೋಗನಿದಾನಕ್ಕೆ ನೇರವಾಗಿ ಉಪಯೋಗವಾಗುತ್ತಿದೆ. ವಾಸೊಪ್ರೆಸಿನ್ ರಕ್ತದಲ್ಲಿ ನಿಮಿಷಗಳಲ್ಲೇ ಕರಗಿಹೋಗುತ್ತದೆ, ಜೊತೆಗೆ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತದೆ. ಆದ್ದರಿಂದ ಅದನ್ನು ನೇರವಾಗಿ ಅಳೆಯುವುದು ಕಷ್ಟ. ಕೊಪೆಪ್ಟಿನ್ನಾದರೋ ರಕ್ತದ ಮಾದರಿಯಲ್ಲಿ ಕೋಣೆಯ ಉಷ್ಣತೆಯಲ್ಲೂ ಹಲವು ದಿನ ಕೆಡದೆ ಇರುತ್ತದೆ. ಅತಿಮೂತ್ರ, ಅತಿದಾಹದಿಂದ ಬಳಲುವವರಲ್ಲಿ ಕೊಪೆಪ್ಟಿನ್ನನ್ನು ಅಳೆದು ವಾಸೊಪ್ರೆಸಿನ್ನಿನ ಸ್ರವಿಕೆಯನ್ನು ಅಂದಾಜು ಮಾಡುತ್ತಾರೆ.

ನ್ಯೂರೊಫೈಸಿನ್ ಹೊಟ್ಟಲ್ಲ ಎಂಬುದಕ್ಕೂ ರೋಗವೇ ಸಾಕ್ಷಿ. ವಂಶಪಾರಂಪರ್ಯವಾಗಿ ಬರುವ ವಾಸೊಪ್ರೆಸಿನ್ ಕೊರತೆಯಲ್ಲಿ ಬಹುಪಾಲು ಜೀನ್ ದೋಷಗಳು ಕಂಡುಬರುವುದು ನ್ಯೂರೊಫೈಸಿನ್ನಿನ ಭಾಗದಲ್ಲಿ. ತಪ್ಪಾಗಿ ಮಡಿಚಿಕೊಂಡ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲೇ ಸಿಕ್ಕಿಕೊಂಡು ಗಂಟುಗಟ್ಟಿ ನರಕೋಶವನ್ನೇ ನಿಧಾನವಾಗಿ ಹಾಳುಮಾಡುತ್ತದೆ. ಒಂದು ಜೀನ್ ಪ್ರತಿ ಸರಿಯಿದ್ದರೂ ಮಗುವಿಗೆ ಕಾಯಿಲೆ ಬರುವುದು, ಅದೂ ಹುಟ್ಟಿದಾಗಲ್ಲದೆ ತಿಂಗಳು, ವರ್ಷಗಳಾದ ಮೇಲೆ ಕಾಣಿಸಿಕೊಳ್ಳುವುದು ಇದರಿಂದಲೇ. ನಮ್ಮ ಕಡೆಯ ಬಿಸಿಲಿನಲ್ಲಿ ಇಂಥ ಮಗುವಿಗೆ ನೀರು ತಡವಾದರೆ ಅಪಾಯ. ಮಗು ಹಗಲೂ ರಾತ್ರಿಯೂ ನೀರು ಕೇಳುತ್ತಿದ್ದರೆ ಅದನ್ನು ಹಟವೆಂದು ಗದರಿಸಬಾರದು, ವೈದ್ಯರಿಗೆ ತೋರಿಸಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಬ್ಬರಿಗೂ ಧನ್ಯವಾದಗಳು. ಒಂದು ಉಳಿಯಿತು: ನರಗಳ ನಡುವೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ನಿನ ಕಣಗಳಂತೆ, ಖಾಲಿಯಾದ ವಾಸೊಪ್ರೆಸಿನ್ ಕಣಗಳೂ ತುದಿಯಲ್ಲೇ ಮತ್ತೆ ತುಂಬಿಕೊಳ್ಳುತ್ತವೆಯೆ?

ಉತ್ತರ 3: ಶರೀರಕ್ರಿಯಾಶಾಸ್ತ್ರ ಅಧ್ಯಾಪಕ, ಬಳ್ಳಾರಿ

ಇಲ್ಲ, ಮೇಡಂ. ಅಸಿಟೈಲ್‌ಕೋಲಿನ್ನನ್ನು ತುದಿಯಲ್ಲಿರುವ ಕಿಣ್ವವೇ ತಯಾರಿಸಬಲ್ಲದು. ವಾಸೊಪ್ರೆಸಿನ್ ಪ್ರೋಟೀನಿನ ತುಂಡಾದ್ದರಿಂದ ಹೊಸ ಕಣಗಳು ಕೋಶಕಾಯದಿಂದಲೇ ಬರಬೇಕು. ಇಲಿಗಳಿಗೆ ಕೆಲವು ದಿನ ನೀರು ಕೊಡದಿದ್ದರೆ ಪಿಟ್ಯುಟರಿಯ ದಾಸ್ತಾನು ಇಳಿದುಹೋಗುತ್ತದೆ, ಅದೇ ಹೊತ್ತಿಗೆ ಹೈಪೋಥಲಾಮಸ್ಸಿನಲ್ಲಿ ಈ ಜೀನಿನ ಆರ್‌ಎನ್‌ಎ ಹೆಚ್ಚುತ್ತದೆ.