ಅಪ್‌ಡೇಟ್: ಮಾರುತ್ ಸುರಕ್ಷಿತವಾಗಿ ಟೆಲ್ಫೋರ್ಡ್ ತಲುಪಿತು
ಕಾಸರಗೋಡಿನಿಂದ ಇಂಗ್ಲೆಂಡಿನ ಟೆಲ್ಫೋರ್ಡ್‌ನ ಸ್ಕೇಲ್ ಮಾಡೆಲ್‌ವರ್ಲ್ಡ್ ಎಂಬ ಮಾಡೆಲ್ ಪ್ರದರ್ಶನಕ್ಕೆ, ಅಲ್ಲಿನ ನಮ್ಮ ಗೆಳೆಯರ ಕ್ಲಬ್‌ನ ಮೇಜಿಗೆ, ನಮ್ಮ ದೇಶದ ಹಳೇ ಯುದ್ಧವಿಮಾನ ಮಾರುತ್‌ನ 1:72 ಅಳತೆಯ (ಅಸಲಿನ 72ರಲ್ಲೊಂದು ಪಾಲಿನ) ಮಾಡೆಲ್ ಮುರಿಯದ ಹಾಗೆ ಒಯ್ಯುವುದು ಹೇಗೆ ಅಂತ ಕೇಳಿದ್ದೆನಲ್ಲ? ಹೋಗಿ ಬಂದೆ.

ಬಬಲ್ ರ‍್ಯಾಪ್ ಸುತ್ತಿ ಅಂದವರೇ, ಕ್ಷಮಿಸಿ. ಮನೆಯಲ್ಲೇ ಸುತ್ತಿ ಬಿಚ್ಚುವಾಗ ಚಕ್ರದ ಬಾಗಿಲು ಟಪ್ ಅಂತ ಕಿತ್ತು ಬಂತು. ಪೀಠವನ್ನು ಡಬ್ಬಿಯ ತಳಕ್ಕೆ ಸ್ಕ್ರೂ ಹಾಕಿ, ಮಾಡೆಲ್‌ಗೆ ಏನೂ ತಾಗದಂತೆ ಬಿಡಿ ಎಂದವರ ಮಾತೇ ಗೆದ್ದಿತು. ಇಪ್ಪತ್ತೆರಡು ಸೆಂ.ಮೀ. ಉದ್ದ ಅಷ್ಟೇ, ಕ್ಯಾಬಿನ್ ಬ್ಯಾಗ್‌ನಲ್ಲೇ ಹೋಯಿತು. ಅಂಟು ಒಯ್ಯಲಿಲ್ಲ. ಬೆಂಕಿ ಹಿಡಿಯುವಂಥದ್ದಲ್ವಾ, ವಿಮಾನದಲ್ಲಿ ಬಿಡುವುದಿಲ್ಲ. ಅಲ್ಲೇ ಕೊಂಡು ಬಾಗಿಲು ಅಂಟಿಸಿದೆ.

ತಮಾಷೆ ಅಂದ್ರೆ, ವಿಮಾನಕ್ಕಿಂತ ಜಾಸ್ತಿ ಜನ ಬಗ್ಗಿ ನೋಡಿದ್ದು ಪೀಠದ ಕೆಂಪು ಮಣ್ಣನ್ನು. ಯಾವ ಕಂಪನಿಯ ಬಣ್ಣ ಅಂತ ಒಬ್ಬರು ಕೇಳಿಯೇಬಿಟ್ಟರು. ನಮ್ಮ ಅಂಗಳದ ಮುರಕಲ್ಲಿನ ಪುಡಿ ಮಾರಾಯ್ರೆ, ಹಳೇ ಪಂಚೆಯಲ್ಲಿ ಸೋಸಿದ್ದು!