ಆಕ್ಸಿಜನ್ ಸೆನ್ಸರ್ ಬದಲಾಯಿಸಿದರೂ ಪಿ0172 ಮತ್ತೆ ಬಂತು, ಪೆಟ್ರೋಲ್ ವಾಸನೆ ಹೋಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು 1.2 ಲೀಟರ್, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಒಂಬತ್ತು ವರ್ಷ ಹಳೆಯದು. ಲೀಟರಿಗೆ 16 ಕೊಡುತ್ತಿದ್ದ ಗಾಡಿ ಒಂದು ತಿಂಗಳಿಂದ 11ಕ್ಕೆ ಇಳಿದಿದೆ. ಬೆಳಿಗ್ಗೆ ತಣ್ಣಗಿದ್ದಾಗ ಸರಾಗವಾಗಿ ಸ್ಟಾರ್ಟ್ ಆಗುತ್ತದೆ. ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು. ಆಮೇಲೆ ಸೈಲೆನ್ಸರ್‌ನಿಂದ ಒಮ್ಮೆ ಭುಸ್ ಅಂತ ಕಪ್ಪು ಹೊಗೆ. ಹಿಂದೆ ನಿಂತರೆ ಕಣ್ಣು ಉರಿಯುವಷ್ಟು ಪೆಟ್ರೋಲ್ ವಾಸನೆ.

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0172 ಬಂತು, ಅಂದರೆ ಮಿಶ್ರಣ ರಿಚ್, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ. ‘ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವುದು) ಹೋಗಿದೆ’ ಎಂದು ಅದನ್ನು ಬದಲಾಯಿಸಿ ಕೋಡ್ ಅಳಿಸಿದರು. ಎರಡು ದಿನ ಚೆಕ್ ಲೈಟ್ ಇರಲಿಲ್ಲ. ಮೂರನೇ ದಿನ ಅದೇ ಕೋಡ್. ಈಗ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ನೋಡಬೇಕು ಅನ್ನುತ್ತಿದ್ದಾರೆ. ಕಾರಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಒಬಿಡಿ ಅಡಾಪ್ಟರ್ ನನ್ನ ಹತ್ತಿರ ಇದೆ. ಸುಮ್ನೆ ಒಂದೊಂದೇ ಪಾರ್ಟ್ ಬದಲಾಯಿಸುತ್ತಾ ಹೋಗಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ 1

ಮೊದಲು ಒಂದು ಮಾತು: ಕೋಡ್ ಅಳಿಸಬೇಡಿ. ಅಳಿಸಿದರೆ ಇಸಿಯು ಇಷ್ಟು ದಿನ ಕಲಿತಿದ್ದ ಟ್ರಿಮ್ ಲೆಕ್ಕ (ಪೆಟ್ರೋಲ್ ಎಷ್ಟು ತಿದ್ದಬೇಕು ಅನ್ನುವುದು) ಸಾಮಾನ್ಯವಾಗಿ ಸೊನ್ನೆಗೆ ಹೋಗುತ್ತದೆ. ತೊಂದರೆ ಆದ ಕ್ಷಣದಲ್ಲಿ ಉಳಿಸಿಕೊಂಡ ಅಂಕಿಗಳೂ ಹೋಗುತ್ತವೆ. ನಿಮಗೆ ಎರಡು ದಿನ ಲೈಟ್ ಬರದಿದ್ದುದು ಸೆನ್ಸರ್ ಬದಲಾಯಿಸಿದ್ದಕ್ಕಲ್ಲ. ಈ ಕೋಡ್ ಸಾಮಾನ್ಯವಾಗಿ ಎರಡು ಸಲದ ಓಡಾಟದಲ್ಲಿ ತಪ್ಪು ಕಂಡಮೇಲೆ ಲೈಟ್ ಹಚ್ಚುತ್ತದೆ. ಇಸಿಯು ಮತ್ತೆ ಲೆಕ್ಕ ಕಲಿಯುವ ತನಕ ಲೈಟ್ ಸುಮ್ಮನಿತ್ತು, ಅಷ್ಟೇ.

ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ 14.7 ಪಟ್ಟು ಗಾಳಿ ಬೇಕು. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಅನ್ನುವುದೇ ಫ್ಯೂಯಲ್ ಟ್ರಿಮ್. ಮೈನಸ್ ಬಂದರೆ ಇಸಿಯು ಪೆಟ್ರೋಲ್ ಕಡಿತ ಮಾಡುತ್ತಿದೆ ಎಂದರ್ಥ. 5 ಶೇಕಡ ಆಚೆ ಈಚೆ ಇದ್ದರೆ ಚಿಂತೆ ಇಲ್ಲ, 10 ದಾಟಿದರೆ ಹುಡುಕಬೇಕು.

ಎಂಜಿನ್ ಪೂರ್ತಿ ಬಿಸಿಯಾದಮೇಲೆ ಐಡಲಿಂಗ್‌ನಲ್ಲಿ ಒಂದು ಸಲ, 2500 ಆರ್‌ಪಿಎಂನಲ್ಲಿ ಹಿಡಿದು ಒಂದು ಸಲ ಓದಿ. ಶಾರ್ಟ್ ಟ್ರಿಮ್ (ಈ ಕ್ಷಣದ ತಿದ್ದುಪಡಿ), ಲಾಂಗ್ ಟ್ರಿಮ್ (ಕಲಿತು ಉಳಿಸಿಕೊಂಡದ್ದು), ಕೂಲಂಟ್ ತಾಪಮಾನ, ಮ್ಯಾಪ್ ಸೆನ್ಸರ್ ಒತ್ತಡ (ಎಂಜಿನ್‌ಗೆ ಗಾಳಿ ಹೋಗುವ ದಾರಿಯಾದ ಇಂಟೇಕ್ ಒಳಗಿನದು), ಆಕ್ಸಿಜನ್ ಸೆನ್ಸರ್ ವೋಲ್ಟೇಜ್, ಐದೂ ಬರೆದುಕೊಳ್ಳಿ. ಆಯಿಲ್ ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿ. ಇದನ್ನು ಮರೆಯಬೇಡಿ.

ಉತ್ತರ 2

ಕೂಲಂಟ್ ಅಂಕಿಯ ಮೇಲೆ ನಿಜಕ್ಕೂ ಕಣ್ಣಿಡಿ. ನನ್ನ ಗಾಡಿಯಲ್ಲಿ ಎಂಜಿನ್ ಕುದಿಯುವಷ್ಟು ಬಿಸಿ ಇದ್ದರೂ ಸೆನ್ಸರ್ 20 ಡಿಗ್ರಿ ಅನ್ನುತ್ತಿತ್ತು. ಇಸಿಯು ಪಾಪ, ಎಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿತ್ತು. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಕೂಲಂಟ್ ತಾಪಮಾನವೂ ಒಳಬರುವ ಗಾಳಿಯ ತಾಪಮಾನವೂ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಓದಿಕೊಂಡು ಬಂದೆ.

ಐಡಲಿಂಗ್: ಲಾಂಗ್ ಟ್ರಿಮ್ ಮೈನಸ್ 23, ಶಾರ್ಟ್ ಮೈನಸ್ 4. 2500ರಲ್ಲಿ ಲಾಂಗ್ ಮೈನಸ್ 6, ಶಾರ್ಟ್ ಸೊನ್ನೆಯ ಆಸುಪಾಸು. ಕೂಲಂಟ್ 89 ಡಿಗ್ರಿ. ಬೆಳಿಗ್ಗೆ ಕೂಲಂಟ್ 24, ಗಾಳಿ 25. ಮ್ಯಾಪ್ ಐಡಲಿಂಗ್‌ನಲ್ಲಿ 33 ಕಿಲೋಪಾಸ್ಕಲ್. ಆಕ್ಸಿಜನ್ ಸೆನ್ಸರ್ ಐಡಲಿಂಗ್‌ನಲ್ಲಿ ಜಾಸ್ತಿ ಹೊತ್ತು 0.8 ವೋಲ್ಟ್ ಹತ್ತಿರವೇ ಇರುತ್ತದೆ, ಅಂದರೆ ರಿಚ್.

ಡಿಪ್‌ಸ್ಟಿಕ್ ನೋಡಿ ಗಾಬರಿಯಾಯಿತು. ಆಯಿಲ್ ಮೇಲಿನ ಗೆರೆಗಿಂತ ಅರ್ಧ ಸೆಂಟಿಮೀಟರ್ ಮೇಲಿದೆ. ನಾನು ಒಂದು ತೊಟ್ಟೂ ಹಾಕಿಲ್ಲ. ಬೆರಳಲ್ಲಿ ಉಜ್ಜಿದರೆ ನೀರು ನೀರು, ಮೂಗಿನ ಹತ್ತಿರ ತಂದರೆ ಪೆಟ್ರೋಲ್.

ಉತ್ತರ 1

ಹಾಗಾದರೆ ಇನ್ನು ಗಾಡಿ ಓಡಿಸಬೇಡಿ. ಪೆಟ್ರೋಲ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿನ್ನುತ್ತದೆ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಸುಡುತ್ತದೆ.

ನಿಮ್ಮ ಅಂಕಿಗಳು ಬಹಳ ಹೇಳುತ್ತಿವೆ. ಐಡಲಿಂಗ್‌ನಲ್ಲಿ ವಿಪರೀತ ರಿಚ್, ರೇಸ್ ಮಾಡಿದರೆ ಸರಿ. ಅಂದರೆ ಎಲ್ಲಿಂದಲೋ ಸ್ವಲ್ಪ ಪೆಟ್ರೋಲ್ ಒಂದೇ ಸಮನೆ ಸೋರುತ್ತಿದೆ. ಸೋರುವ ನಲ್ಲಿಯ ನೀರು ಲೋಟಕ್ಕೆ ಬಿದ್ದರೆ ಬೇಗ ಗೊತ್ತಾಗುತ್ತದೆ, ಹಂಡೆಗೆ ಬಿದ್ದರೆ ಗೊತ್ತಾಗುವುದಿಲ್ಲ, ಅಲ್ವಾ? ಹಾಗೆಯೇ ಇದು. ಪೆಟ್ರೋಲ್ ಒತ್ತಡವೇ ಜಾಸ್ತಿ ಇದ್ದಿದ್ದರೆ 2500ರಲ್ಲೂ ಟ್ರಿಮ್ ಕೆಟ್ಟದಾಗಿಯೇ ಇರುತ್ತಿತ್ತು. ಮ್ಯಾಪ್ 33 ಸರಿಯಾಗಿದೆ, ಕೂಲಂಟ್ ಸರಿಯಾಗಿದೆ. ಆಕ್ಸಿಜನ್ ಸೆನ್ಸರ್ ಬಗ್ಗೆ ಅನುಮಾನವಿದ್ದರೆ ಇಂಟೇಕ್‌ನ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಕ್ಷಣಕಾಲ ಬಿಚ್ಚಿ. ಹೆಚ್ಚಿನ ಗಾಳಿ ನುಗ್ಗಿ ವೋಲ್ಟೇಜ್ ಧಡ್ ಅಂತ ಇಳಿದರೆ ಅದು ನಿಜವನ್ನೇ ಹೇಳುತ್ತಿದೆ. ಹಳೆಯ ಸೆನ್ಸರೂ ನಿಜ ಹೇಳಿತ್ತು ಅಂತಲೇ ನನ್ನ ನಂಬಿಕೆ.

ಉಳಿದದ್ದು ಎರಡೇ. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ನಿಂತಿರಬಹುದು, ಇಲ್ಲವೇ ಪೆಟ್ರೋಲ್ ಚಿಮ್ಮಿಸುವ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು. ಪರ್ಜ್ ಪೈಪನ್ನು ಬಟ್ಟೆ ಸುತ್ತಿ ಇಕ್ಕಳದಿಂದ ಅದುಮಿ ನೋಡಿ. ಟ್ರಿಮ್ ಬದಲಾಗದಿದ್ದರೆ ತಪ್ಪು ಆ ವಾಲ್ವಿನದಲ್ಲ. ಬಿಸಿಯಲ್ಲಿ ಸ್ಟಾರ್ಟ್ ಆಗದಿರುವುದು, ಆಯಿಲ್ ಏರಿರುವುದು, ಇವೆರಡೂ ಇಂಜೆಕ್ಟರ್ ಕಡೆಗೇ ಬೆರಳು ತೋರಿಸುತ್ತವೆ.

ಇಂಜೆಕ್ಟರ್ ನೋಡುವುದಾದರೆ ಗಾಡಿ ಪೂರ್ತಿ ತಣ್ಣಗಾಗಿರಲಿ. ಬಯಲಲ್ಲಿ ನಿಲ್ಲಿಸಿ, ಇಗ್ನಿಷನ್ ಕಾಯಿಲ್ ಕನೆಕ್ಟರ್‌ಗಳನ್ನು ತೆಗೆದಿಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ. ಅಭ್ಯಾಸವಿಲ್ಲದಿದ್ದರೆ ಗೊತ್ತಿರುವವರ ಕೈಯಲ್ಲೇ ಮಾಡಿಸಿ.

ಪ್ರಶ್ನೆ ಕೇಳಿದವರು

ಪೈಪ್ ಬಿಚ್ಚಿದ ತಕ್ಷಣ ವೋಲ್ಟೇಜ್ 0.1ಕ್ಕೆ ಬಿತ್ತು, ಸೆನ್ಸರ್ ಸರಿಯಿದೆ. ಪರ್ಜ್ ಪೈಪ್ ಅದುಮಿದೆ, ಟ್ರಿಮ್ ಅಲುಗಲಿಲ್ಲ.

ಬೇರೊಬ್ಬ ಮೆಕ್ಯಾನಿಕ್ ಜೊತೆ ಕೂತು ನಿನ್ನೆ ಪ್ಲಗ್ ಬಿಚ್ಚಿದೆವು. ಮೂರು ಪ್ಲಗ್ ಬೂದು ಮಿಶ್ರಿತ ಕಂದು. ಮೂರನೇ ಸಿಲಿಂಡರಿನದು ಮಾತ್ರ ಕಾಡಿಗೆ ಹಚ್ಚಿದ ಹಾಗೆ ಮೆತ್ತನೆಯ ಕಪ್ಪು ಮಸಿ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪಾದ ಫ್ಯೂಯಲ್ ರೈಲನ್ನು ಇಂಜೆಕ್ಟರ್ ಸಮೇತ ಎತ್ತಿ, ಅವು ಹಾರದಂತೆ ಕಟ್ಟಿ, ಕೆಳಗೆ ಬಿಳಿ ಕಾಗದ ಹಾಸಿ ಕೀ ಆನ್ ಮಾಡಿದೆವು. ಪಂಪ್ ಎರಡು ಸೆಕೆಂಡ್ ಓಡಿ ನಿಂತಿತು. ಮೂರು ಮೂತಿಗಳು ಒಣಗೇ ಇದ್ದವು. ಮೂರನೆಯದರ ತುದಿಯಲ್ಲಿ ಒಂದು ಹನಿ ನಿಧಾನಕ್ಕೆ ದಪ್ಪಗಾಗಿ, ತೂಗಾಡಿ, ಕಾಗದದ ಮೇಲೆ ಬಿತ್ತು. ಐದಾರು ಸೆಕೆಂಡಿಗೆ ಇನ್ನೊಂದು. ಒಂದು ತಿಂಗಳ ತಲೆನೋವು ಆ ಹನಿಯಲ್ಲಿತ್ತು.

ಇಂಜೆಕ್ಟರ್ ಹೊಸದು ಹಾಕಿದ್ದಾಯಿತು. ಆದರೆ ಟ್ರಿಮ್ ಇನ್ನೂ ಮೈನಸ್ 9ರಲ್ಲಿ ನಿಂತಿದೆ. ಇನ್ನೇನು ಉಳಿದಿದೆ?

ಉತ್ತರ 3

ಆಯಿಲ್ ಬದಲಾಯಿಸಿದಿರಾ? ಅದರಲ್ಲಿ ಬೆರೆತ ಪೆಟ್ರೋಲ್ ಎಂಜಿನ್ ಬಿಸಿಯಾದಾಗ ಆವಿಯಾಗಿ, ಎಂಜಿನ್ ಒಳಗಿನ ಆವಿಯನ್ನು ಎಳೆದುಕೊಳ್ಳುವ ಪಿಸಿವಿ ಪೈಪಿನ ಮೂಲಕ ಮತ್ತೆ ಇಂಟೇಕ್‌ಗೇ ಬರುತ್ತದೆ. ಇಂಜೆಕ್ಟರ್ ಸರಿಯಾದರೂ ಎಂಜಿನ್ ಆ ಆವಿಯನ್ನು ಕುಡಿಯುತ್ತಲೇ ಇರುತ್ತದೆ. ಪಿಸಿವಿ ಪೈಪ್ ಅದುಮಿ ಟ್ರಿಮ್ ನೋಡಿದರೆ ಗೊತ್ತಾಗುತ್ತದೆ. ಹೇಗಿದ್ದರೂ ಆಯಿಲ್, ಫಿಲ್ಟರ್ ಎರಡೂ ಇವತ್ತೇ ಬದಲಾಯಿಸಿ.

ಪ್ರಶ್ನೆ ಕೇಳಿದವರು

ಬದಲಾಯಿಸಿರಲಿಲ್ಲ. ಪಿಸಿವಿ ಪೈಪ್ ಅದುಮಿದಾಗ ಟ್ರಿಮ್ ಮೈನಸ್ 9ರಿಂದ ಮೈನಸ್ 3ಕ್ಕೆ ಬಂತು. ಆಯಿಲ್ ಇಳಿಸಿದೆವು, ತೆಳುವಾಗಿ ಸರ್ರನೆ ಹರಿಯಿತು. ಹೊಸ ಆಯಿಲ್, ಫಿಲ್ಟರ್ ಹಾಕಿ ನಾಲ್ಕು ದಿನ ಓಡಿಸಿದ್ದೇನೆ. ಐಡಲಿಂಗ್‌ನಲ್ಲಿ ಮೈನಸ್ 2, 2500ರಲ್ಲಿ ಪ್ಲಸ್ 1. ಬಿಸಿಯಲ್ಲಿ ನಿಲ್ಲಿಸಿ ಕೀ ತಿರುಗಿಸಿದರೆ ಮೊದಲ ಸಲಕ್ಕೇ ಸ್ಟಾರ್ಟ್. ಕೋಡ್ ಇನ್ನೂ ಅಳಿಸಿಲ್ಲ, ಲೈಟ್ ತಾನಾಗಿಯೇ ಆರಿದೆ.